ಬೀರುವಿನಷ್ಟು ದೊಡ್ಡ ಸ್ಪೀಕರುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೀಠೋಪಕರಣದಂತೆ ಕಾಣುವ ಹಳೆಯ ಕಾಲದ ಬೃಹತ್ ಸ್ಪೀಕರುಗಳಿಗೆ ಈಗಲೂ ಮುಗಿಬೀಳುವವರಿದ್ದಾರೆ. ಅಂಗೈಯಗಲದ ಸ್ಪೀಕರೇ ಮನೆ ತುಂಬುವಷ್ಟು ಸದ್ದು ಮಾಡುವ ಈ ದಿನಗಳಲ್ಲಿ ಇದು ಬರೀ ಹಳೆಯದರ ಮೋಹವೇ, ಅಥವಾ ಕಿವಿಗೆ ನಿಜವಾಗಿಯೂ ವ್ಯತ್ಯಾಸ ತಿಳಿಯುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೋಹವೂ ಇದೆ, ವ್ಯತ್ಯಾಸವೂ ಇದೆ. ಆದರೆ ಅವುಗಳನ್ನು ಅಷ್ಟು ದೊಡ್ಡದಾಗಿ ಮಾಡಿದ್ದು ಚಂದಕ್ಕಲ್ಲ. 1940ರ ದಶಕದಲ್ಲಿ ಮನೆಬಳಕೆಯ ವಾಲ್ವ್ (ಗಾಜಿನ ಕೊಳವೆ) ಆಂಪ್ಲಿಫೈಯರಿನಿಂದ ಹತ್ತಿಪ್ಪತ್ತು ವ್ಯಾಟ್ ಸಿಕ್ಕರೆ ಅದೇ ದೊಡ್ಡದು. ಅಷ್ಟು ಶಕ್ತಿಯಲ್ಲಿ ಕೋಣೆ ತುಂಬ ಕೇಳಿಸಬೇಕು, ಮಂದ್ರ ಸ್ವರಗಳೂ ಮೈದುಂಬಿ ಬರಬೇಕು ಎಂದರೆ ಪೆಟ್ಟಿಗೆ ಹಿಗ್ಗದೆ ಬೇರೆ ದಾರಿಯಿರಲಿಲ್ಲ. 40 ಹರ್ಟ್ಸ್ ಕಂಪನದ ಒಂದು ಅಲೆಯೇ ಗಾಳಿಯಲ್ಲಿ ಎಂಟೂವರೆ ಮೀಟರ್ ಉದ್ದವಿರುತ್ತದೆ. ಸಣ್ಣ ಪೆಟ್ಟಿಗೆಯಿಂದ ಅದನ್ನು ಹೊರಡಿಸಬಹುದು, ಆದರೆ ಅದಕ್ಕೆ ಹೆಚ್ಚು ವಿದ್ಯುತ್ತನ್ನು ಸುರಿಯಬೇಕು.

ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ತಯಾರಿಸತೊಡಗಿದ ‘ಕ್ಲಿಪ್ಶ್‌ಹಾರ್ನ್’ ಇದಕ್ಕೆ ಒಳ್ಳೆಯ ಉದಾಹರಣೆ. ಇದನ್ನು ಕೋಣೆಯ ಮೂಲೆಯಲ್ಲೇ ಇಡಬೇಕು. ಒಳಗೆ ಮಡಿಸಿಟ್ಟ, ಹೋಗುತ್ತ ಹೋಗುತ್ತ ಅಗಲವಾಗುವ ಕಹಳೆಯ ದಾರಿಯೊಂದಿದ್ದು, ಅದು ಪೆಟ್ಟಿಗೆಯಿಂದ ಹೊರಬಂದ ಮೇಲೆ ಎರಡು ಬದಿಯ ಗೋಡೆಗಳೇ ಆ ಕಹಳೆಯ ಮುಂದುವರಿಕೆಯಾಗುತ್ತವೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸದ್ದು ಸುಮಾರು 105 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಎಂಬುದು ತಯಾರಕರ ಲೆಕ್ಕ. ಇಂದಿನ ಸಣ್ಣ ಸ್ಪೀಕರುಗಳು ಸಾಮಾನ್ಯವಾಗಿ 85ರ ಆಸುಪಾಸಿನಲ್ಲಿರುತ್ತವೆ. ಇಪ್ಪತ್ತು ಡೆಸಿಬೆಲ್ ಅಂತರವೆಂದರೆ ಶಕ್ತಿಯಲ್ಲಿ ನೂರು ಪಟ್ಟು. (ತಯಾರಕರ ಅಂಕಿಯಲ್ಲಿ ಗೋಡೆಗಳ ಸಹಾಯವೂ ಸೇರಿದೆ ಎಂದು ಸ್ವಲ್ಪ ಕಳೆದರೂ ಅಂತರ ಸಣ್ಣದಲ್ಲ.) ಇದರ ಫಲವಾಗಿ ಅಲುಗಿ ಸದ್ದು ಹುಟ್ಟಿಸುವ ಕಾಗದದ ಕೋನ್ ಕಣ್ಣಿಗೆ ಕಾಣದಷ್ಟು ಮಾತ್ರ ಅಲುಗುತ್ತದೆ, ಅದು ಕಡಿಮೆ ಅಲುಗಿದಷ್ಟೂ ನಾದ ಕೆಡುವುದು ಕಡಿಮೆ. ಮೃದಂಗದ ಬಲಗೈ ಪೆಟ್ಟು ತಡೆಯಿಲ್ಲದೆ ಥಟ್ಟನೆ ಬಂದು ಬೀಳುವುದನ್ನು ಇಂಥ ಸ್ಪೀಕರಿನಲ್ಲಿ ಒಮ್ಮೆ ಕೇಳಿದವರು ಅದನ್ನು ಬರೀ ಮೋಹವೆನ್ನಲಾರರು.

ಇಷ್ಟು ದೊಡ್ಡ ವಸ್ತುವನ್ನು ಮನೆಯವರು ನಡುಮನೆಯಲ್ಲಿ ಸಹಿಸಬೇಕಾದರೆ ಅದು ನೋಡಲು ಚೆನ್ನಾಗಿರಬೇಕಷ್ಟೆ. ಮರಗೆಲಸದ ಸೊಬಗು ಬಂದದ್ದು ಹೀಗೆ, ಅದರ ತುತ್ತತುದಿ 1957ರಲ್ಲಿ ಬಂದ ಜೆಬಿಎಲ್ ಕಂಪನಿಯ ‘ಪ್ಯಾರಗಾನ್’. ಸುಮಾರು ಒಂಬತ್ತು ಅಡಿ ಅಗಲದ ಈ ಪೆಟ್ಟಿಗೆಯ ಮುಂಭಾಗದಲ್ಲಿ ಹೊರಕ್ಕೆ ಬಾಗಿದ ಮರದ ಹಲಗೆಯೊಂದಿದೆ. ಎಡಬಲದ ಎರಡು ಹಾರ್ನ್‌ಗಳು (ಕಹಳೆಗಳು) ಕೇಳುಗರತ್ತ ಮುಖ ಮಾಡುವುದಿಲ್ಲ. ಆ ಬಾಗಿದ ಹಲಗೆಗೆ ಧ್ವನಿಯನ್ನು ಎರಚುತ್ತವೆ, ಅಲ್ಲಿಂದ ಅದು ಕೋಣೆಯಿಡೀ ಹರಡುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆಯಿಂದ ಸ್ಟೀರಿಯೋ ಸಿಗುತ್ತದೆ, ಎಲ್ಲಿ ಕುಳಿತರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳಿಸುತ್ತದೆ. ತತ್ತ್ವ ರಿಚರ್ಡ್ ರೇಂಜರ್ ಅವರದು, ರೂಪ ಕೊಟ್ಟವರು ಆರ್ನಲ್ಡ್ ವುಲ್ಫ್. ಆದರೆ ನನ್ನನ್ನು ಕೇಳಿದರೆ, ಗಾಯಕರು ಎಲ್ಲಿದ್ದಾರೆ, ಪಿಟೀಲು ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುವಷ್ಟು ಸ್ಪಷ್ಟತೆ ಬೇಕಾದವರಿಗೆ ಸರಿಯಾಗಿ ಇಟ್ಟ ಎರಡು ಸಾಧಾರಣ ಸ್ಪೀಕರುಗಳೇ ಮೇಲು.

ಈ ಯುಗ ಮುಗಿದದ್ದಕ್ಕೂ ಕಾರಣ ಶಕ್ತಿಯ ಲೆಕ್ಕವೇ. ಗಾಳಿಯಾಡದ ಸಣ್ಣ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸುವ ವಿಧಾನವನ್ನು ಎಡ್ಗರ್ ವಿಲ್ಚರ್ 1954ರಲ್ಲಿ ಮಾರುಕಟ್ಟೆಗೆ ತಂದರು. ಮುಂದೆ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾಯಿತು.

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ರೇಡಿಯೋಗ್ರಾಮ್ ಒಂದು ಉಂಟು. ಮರ ಗಟ್ಟಿಯಾಗಿದೆ. ಅದರಿಂದಲೂ ಇಂಥ ನಾದವನ್ನು ನಿರೀಕ್ಷಿಸಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿರೀಕ್ಷಿಸಬೇಡಿ. ರೇಡಿಯೋ, ರೆಕಾರ್ಡ್ ಪ್ಲೇಯರ್, ಸ್ಪೀಕರ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ ರೇಡಿಯೋಗ್ರಾಮ್‌ನ ಬೆನ್ನು ಬಹುಮಟ್ಟಿಗೆ ತೆರೆದಿರುತ್ತದೆ. ಹೀಗಾಗಿ ಆಳದ ಮಂದ್ರ ಸಿಗದೆ, ಅದರ ಮೇಲಿನ ಸ್ವರಗಳಲ್ಲಿ ಒಂದು ಗುಂಯ್ಗುಡುವ ತುಂಬು ದನಿ ಸಿಗುತ್ತದೆ. ಹಳೆಯ ಭಾವಗೀತೆಗಳಿಗೆ, ವಾರ್ತೆಯ ದನಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ವಿದ್ಯುತ್ತನ್ನು ಹಿಡಿದಿಡುವ ಒಳಗಿನ ಹಳೆಯ ಕಂಡೆನ್ಸರುಗಳು ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ವಾಲ್ವ್‌ಗಳಿಗೆ ಹೋಗುವ ನೂರಾರು ವೋಲ್ಟ್ ಸ್ವಿಚ್ ಆರಿಸಿದ ಮೇಲೂ ಕೆಲಕಾಲ ಉಳಿದಿರುತ್ತದೆ. ವಾಲ್ವ್ ಸೆಟ್ ಬಲ್ಲವರಿಂದಲೇ ಬಿಚ್ಚಿಸಿ. ಸೆಟ್ಟಿನ ಸಂಪರ್ಕ ತಪ್ಪಿಸಿದ ಮೇಲೆ ಸ್ಪೀಕರಿನ ಕೋನನ್ನು ಬೆರಳುಗಳಿಂದ ಸುತ್ತಲೂ ಸಮನಾಗಿ, ಬಹಳ ಮೆಲ್ಲಗೆ ಒತ್ತಿ ಬಿಡಿ: ಸದ್ದಿಲ್ಲದೆ ಹಿಂದಕ್ಕೆ ಬಂದರೆ ಸರಿ, ಕರಕರ ಉಜ್ಜಿದರೆ ಕೋನಿಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ ಎಂದರ್ಥ. ಕರಾವಳಿಯ ತೇವಕ್ಕೆ ಮೇಲಿನ ತೆಳು ಮರದ ಹಾಳೆ ಏಳುವುದು ಸಾಮಾನ್ಯ. ಗೆದ್ದಲನ್ನು ಹುಡುಕುವುದಿದ್ದರೆ ಪೆಟ್ಟಿಗೆಯ ತಳದಿಂದಲೇ ಆರಂಭಿಸಿ.