‘ಆಗಲಿ ಸರ್’ ಎನ್ನುವ ಮೊದಲು

ಬೆಂಗಳೂರಿನಲ್ಲಿ ಎಂ.ಡಿ. ಮುಗಿಸಿ ಈ ಜುಲೈಯಲ್ಲಿ ಓಹಿಯೋಗೆ ಬಂದಿಳಿದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಮನೋವೈದ್ಯರಾಗಿ ಹದಿಹರೆಯದವರ ವ್ಯಸನದ ಬಗ್ಗೆ ಸಂಶೋಧನೆ ಮಾಡುವ ಆಸೆಯಿದೆ, ಆ ದಾರಿ ನಮ್ಮಂಥವರಿಗೆ ಇಲ್ಲಿ ತೆರೆದಿದೆಯೇ ಎಂದು ಕೇಳಿದ್ದೀರಿ. ಜೊತೆಗೆ ಚಳಿ, ಬಾಡಿಗೆ ಮನೆ, ಕಾರಿನ ವಿಷಯವನ್ನೂ ಕೇಳಿದ್ದೀರಿ. ಒಳ್ಳೆಯ ಬೂಟು ಕೊಳ್ಳಿ, ಆಸ್ಪತ್ರೆಯ ಹತ್ತಿರವೇ ಮನೆ ಮಾಡಿ; ಮಿಕ್ಕಿದ್ದು ಒಂದು ಚಳಿಗಾಲದಲ್ಲಿ ಒಗ್ಗುತ್ತದೆ.

ದಾರಿ ಇದೆ, ಆದರೆ ಉದ್ದವಾಗಿದೆ. ರೆಸಿಡೆನ್ಸಿಯ, ಅಂದರೆ ಇಲ್ಲಿನ ಆಸ್ಪತ್ರೆಯಲ್ಲಿ ಪಡೆಯುವ ಮನೋವೈದ್ಯಕೀಯ ತರಬೇತಿಯ, 3 ವರ್ಷ ಕಳೆದ ಮೇಲೆ ಮಕ್ಕಳ ಮನೋವೈದ್ಯಕೀಯದ 2 ವರ್ಷದ ಫೆಲೋಶಿಪ್‌ಗೆ, ಅಂದರೆ ಮುಂದಿನ ವಿಶೇಷ ತರಬೇತಿಗೆ, ಹೋಗಬಹುದು. ವ್ಯಸನ ಮನೋವೈದ್ಯಕೀಯ ಬೇಕೆಂದರೆ ಇನ್ನೂ ಒಂದು ವರ್ಷ. ಮಕ್ಕಳನ್ನು ನೋಡುವವರಲ್ಲಿ ವ್ಯಸನ ಬಲ್ಲವರು ಕಡಿಮೆ, ವ್ಯಸನ ಬಲ್ಲವರಲ್ಲಿ ಮಕ್ಕಳನ್ನು ನೋಡುವವರು ಕಡಿಮೆ. ಆ ಕೊರತೆ ನೀಗಲೆಂದೇ ಮಾದಕ ವ್ಯಸನದ ಸಂಶೋಧನೆಗೆಂದೇ ಇರುವ ಅಮೆರಿಕ ಸರ್ಕಾರದ ನೈಡಾ ಸಂಸ್ಥೆಯ ಹಣದಲ್ಲಿ ಮಕ್ಕಳ ಮನೋವೈದ್ಯರ ಅಕಾಡೆಮಿ ಕೆ12 ಎಂಬ ತರಬೇತಿ ಅನುದಾನವನ್ನು ನಡೆಸಿಕೊಂಡು ಬಂದಿತು. ಆದರೆ ಕೆ12, ಸಂಶೋಧನೆಗೆ ತೊಡಗುವ ವೈದ್ಯರಿಗೆ ಕೊಡುವ ಕೆ23ರಂಥ ಅನುದಾನಗಳಿಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ತರಬೇತಿಗೆ ಬರುವ ವಿದೇಶಿ ವೈದ್ಯರಿಗೆ ಕೊಡುವ ಜೆ-1 ವೀಸಾದಲ್ಲಿ ಬಂದವರು ತರಬೇತಿ ಮುಗಿಸಿ 2 ವರ್ಷ ಊರಿಗೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆದು ವೈದ್ಯರ ಕೊರತೆಯಿರುವ ಕಡೆ 3 ವರ್ಷ ಪೂರ್ಣಾವಧಿಗೆ ರೋಗಿಗಳನ್ನು ನೋಡಬೇಕು. ನಾನು ಎರಡನೆಯದನ್ನು ಮಾಡಿದೆ. ಅನುದಾನ ಕೈಗೆ ಬರುವಾಗ ನನಗೆ ನಲವತ್ತು ದಾಟಿತ್ತು. ಇದೇ ಬಗೆಯ ಇನ್ನೊಂದು ಅನುದಾನವಾದ ಕೆ99ಕ್ಕೆ ಗ್ರೀನ್ ಕಾರ್ಡಿನ ಷರತ್ತಿಲ್ಲ ಎಂಬುದನ್ನು ನೀವು ಈಗಲೇ ತಿಳಿದಿರಿ.

ಇನ್ನು, ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ಮಾತು. ಇಂಥ ಅನುದಾನ ಸಿಕ್ಕವರ ಕೆಲಸದ ವೇಳೆಯಲ್ಲಿ ಶೇ. 75ರಷ್ಟು, ಅಂದರೆ ವಾರದಲ್ಲಿ ಹೆಚ್ಚುಕಡಿಮೆ ನಾಲ್ಕು ದಿನ, ಸಂಶೋಧನೆಗೇ ಮೀಸಲು. ನನಗೆ ಅದು ಸಿಕ್ಕಿ ಮೂರು ತಿಂಗಳಾಗಿತ್ತು. ಕ್ಲಿನಿಕ್ಕಿನ ವೈದ್ಯರೊಬ್ಬರು ಕೆಲಸ ಬಿಟ್ಟರೆಂದು ವಿಭಾಗದ ಮುಖ್ಯಸ್ಥರು, ಸ್ವಲ್ಪ ಕಾಲ ಮಂಗಳವಾರದ ರೋಗಿಗಳನ್ನು ನೋಡಲು ಸಾಧ್ಯವೇ ಎಂದು ಕೇಳಿದರು. ಅವರು ಕೇಳಿದ್ದು ಪ್ರಶ್ನೆ. ನನ್ನ ಕಿವಿಗೆ ಬಿದ್ದದ್ದು ಅಪ್ಪಣೆ. ನಮ್ಮ ಕಾಲೇಜಿನ ರೌಂಡ್ಸ್‌ನಲ್ಲಿ ದೊಡ್ಡವರಿಗೆ ನಾವು ಏನು ಉತ್ತರ ಕೊಡುತ್ತಿದ್ದೆವು ಎಂಬುದು ನಿಮಗೆ ಗೊತ್ತೇ ಇದೆ. ಆಗಲಿ ಎಂದುಬಿಟ್ಟೆ. ಆ ‘ಸ್ವಲ್ಪ ಕಾಲ’ ಒಂದೂವರೆ ವರ್ಷವಾಯಿತು.

ಹದಿಹರೆಯದವರ ವ್ಯಸನ ಚಿಕಿತ್ಸೆಯ ಬಗ್ಗೆ ನಾನು ನಡೆಸುತ್ತಿದ್ದ ಅಧ್ಯಯನಕ್ಕೆ ಸೇರಿದ್ದ ಹುಡುಗರು ಶಾಲೆಯಿಂದ ಮನೆಗೆ ಬಂದ ಮೇಲೆ ನಾನೇ ಫೋನ್ ಮಾಡಿ, ಆರು ತಿಂಗಳ ಭೇಟಿಗೆ ಕರೆಯುತ್ತಿದ್ದದ್ದು ಮಂಗಳವಾರದ ಸಂಜೆಗಳಲ್ಲಿಯೇ. ಮೊದಲು ಕರೆಗಳು ಮುಂದಕ್ಕೆ ಹೋದವು, ಆಮೇಲೆ ನಿಂತೇ ಹೋದವು. ಹದಿನಾರರ ಹುಡುಗನೊಬ್ಬ ಜಾಕೆಟ್ಟಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು, ಒಪ್ಪಿಗೆ ಪತ್ರದ ಅಂಚಿನಲ್ಲಿ ತನ್ನ ನಂಬರಿನ ಕೆಳಗೆ ಅಜ್ಜಿಯ ನಂಬರನ್ನೂ ಬರೆದು, ನಾನು ಎತ್ತದಿದ್ದರೆ ಇವರಿಗೆ ಮಾಡಿ, ಇವರು ಯಾವಾಗಲೂ ಎತ್ತುತ್ತಾರೆ ಎಂದಿದ್ದ. ನಾಲ್ಕು ತಿಂಗಳು ತಡವಾಗಿ ಮಾಡಿದಾಗ ಎರಡು ನಂಬರುಗಳೂ ಬಳಕೆಯಲ್ಲಿರಲಿಲ್ಲ. ಮೂರರಲ್ಲಿ ಒಂದು ಪಾಲು ಹುಡುಗರು ನನಗೆ ಹೀಗೆಯೇ ತಪ್ಪಿಹೋದರು. ವ್ಯಸನದ ಅಧ್ಯಯನದಲ್ಲಿ ಕೈಗೆ ಸಿಗದವರು ಬಹಳ ಸಲ ಮತ್ತೆ ಗಾಂಜಾ ಅಥವಾ ಮಾತ್ರೆಗೆ ಮರಳಿದವರೇ ಆಗಿರುತ್ತಾರೆ. ಆದ್ದರಿಂದ ಉಳಿದವರ ಲೆಕ್ಕದಿಂದ ಚಿಕಿತ್ಸೆ ಫಲಿಸಿತೆಂದು ಹೇಳಲು ಬರುವುದಿಲ್ಲ. ಆ ಪ್ರಬಂಧವನ್ನು ನಾನು ಪ್ರಕಟಣೆಗೆ ಕಳಿಸಲಿಲ್ಲ. ಪ್ರಬಂಧದ ನೋವು ಹೋಯಿತು, ಆ ಅಜ್ಜಿಯ ನಂಬರು ಇನ್ನೂ ಬಾಯಿಪಾಠವಿದೆ.

ಹಾಗೆಂದು ಈ ಕೆಲಸದಿಂದ ಹಿಂದೆ ಸರಿಯಿರಿ ಎನ್ನುತ್ತಿಲ್ಲ. ಒಂಬತ್ತು ಹತ್ತು ವರ್ಷದ 11,800ಕ್ಕೂ ಹೆಚ್ಚು ಮಕ್ಕಳನ್ನು 21 ಕೇಂದ್ರಗಳಲ್ಲಿ ಸೇರಿಸಿಕೊಂಡು, ಅವರು ಬೆಳೆಯುವುದನ್ನು ವರ್ಷವರ್ಷವೂ ನೋಡುತ್ತಿರುವ ಎಬಿಸಿಡಿ ಎಂಬ, ಮಕ್ಕಳ ಮೆದುಳಿನ ಬೆಳವಣಿಗೆಯ ಅಧ್ಯಯನದಂಥದ್ದು ನಡೆಯುವ ದೇಶದಲ್ಲಿ ನೀವಿದ್ದೀರಿ. ನಮ್ಮ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೂ ಇಲ್ಲಿ ಕಲಿತದ್ದನ್ನು ಒಂದು ದಿನ ನೀವು ಒಯ್ಯಬಹುದು, ನನ್ನಿಂದ ಅದು ಆಗಲಿಲ್ಲ. ಮುಂದೆ ಅನುದಾನಕ್ಕೆ ಅರ್ಜಿ ಹಾಕುವಾಗ ವಿಭಾಗದವರು ಕೊಡುವ ಒಪ್ಪಿಗೆ ಪತ್ರವನ್ನು ಸಹಿಗೆ ಮೊದಲು ನನಗೆ ಕಳಿಸಿ. ಸಂಶೋಧನೆಗೆ ಬಿಟ್ಟುಕೊಡುವ ದಿನಗಳ ಹೆಸರು ಅದರಲ್ಲಿ ಬರೆದಿದೆಯೇ, ಯಾರಾದರೂ ಕೆಲಸ ಬಿಟ್ಟರೆ ಅವರ ರೋಗಿಗಳನ್ನು ಯಾರು ನೋಡುತ್ತಾರೆಂದು ಹೇಳಿದೆಯೇ ಎಂದು ಇಬ್ಬರೂ ಕೂತು ಓದೋಣ.