ಮನೆಯಲ್ಲಿ ಅರಳು ಹುರಿದ ಹಾಗೆ ಮಾತು, ಅಂಗನವಾಡಿಯಲ್ಲಿ ಬಾಯಿಗೆ ಬೀಗ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ನೆರೆಕರೆಯಲ್ಲಿ ತುಳು. ನಾಲ್ಕು ವರ್ಷದ ಮಗಳು ಜೂನ್‌ನಿಂದ ಅಂಗನವಾಡಿಗೆ ಹೋಗುತ್ತಿದ್ದಾಳೆ. ಅಲ್ಲಿ ಎಲ್ಲ ಮಲಯಾಳ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವವಳು ಅಲ್ಲಿ ಮೂರು ತಿಂಗಳಾದರೂ ತುಟಿ ಬಿಚ್ಚಿಲ್ಲ. ಆಟದ ಸಾಮಾನು ಕಿತ್ತುಕೊಳ್ಳುತ್ತಾಳೆ. ಕಳೆದ ವಾರ ಒಬ್ಬ ಹುಡುಗನ ಕೈ ಕಚ್ಚಿದಳು. ಸಂಜೆ ಮನೆಗೆ ಬಂದರೆ ರಂಪ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾಳೆ. ಟೀಚರ್ "ಮನೆಯಲ್ಲೂ ಮಲಯಾಳ ಮಾತಾಡಿ" ಅಂದರು. "ಹಾಗಾದರೆ ಕನ್ನಡ ಹೋಯಿತು, ಅಂಗನವಾಡಿಯೇ ಬೇಡ" ಅನ್ನುತ್ತಾರೆ ಅತ್ತೆ. ಕಚ್ಚಿದ್ದಕ್ಕೆ ಬಾಯಿಗೆ ಒಳ್ಳೆಮೆಣಸು ಹಚ್ಚು ಅಂತಲೂ ಹೇಳಿದರು. ಅತ್ತಿಗೆಗೆ ಪೇಟೆಯ ಇಂಗ್ಲಿಷ್ ಮೀಡಿಯಂ ಎಲ್‌ಕೆಜಿಯೇ ಆಗಬೇಕು. ಯಾರ ಮಾತು ಕೇಳಲಿ?

ಉತ್ತರ: ಒಳ್ಳೆಮೆಣಸಿನ ಡಬ್ಬಿ ಅಡುಗೆಮನೆಯಲ್ಲೇ ಇರಲಿ. ಅದು ಮಾತ್ರ ಬೇಡವೇ ಬೇಡ. ಉಳಿದದ್ದು ಮಾತಾಡುವ.

ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಟೀಚರ್ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನಿಮ್ಮ ಮಲಯಾಳ ಬಸ್ಸಿಗೆ, ಅಂಗಡಿಗೆ, ಪಂಚಾಯತ್ ಆಫೀಸಿಗೆ ಸಾಕಾಗುವಷ್ಟು ಇರಬಹುದು, ಅಲ್ವಾ? ಅಷ್ಟನ್ನೇ ನಂಬಿಕೊಂಡು ಕಥೆ ಹೇಳಲು, ಅಳುವ ಮಗುವನ್ನು ಸಮಾಧಾನ ಮಾಡಲು, "ಗುಡುಗು ಯಾಕೆ ಬರುತ್ತದೆ" ಎಂಬ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ಮನೆಯ ಮಾತೇ ಮೊಟಕಾಗುತ್ತದೆ. ಕನ್ನಡದಲ್ಲಿ ಹತ್ತರವರೆಗೆ ಎಣಿಸಲು, ನಡೆದದ್ದನ್ನು ಮೊದಲಿಂದ ಹೇಳಲು ಕಲಿತ ಮಗು ಮಲಯಾಳದಲ್ಲಿ ಅದನ್ನೆಲ್ಲ ಬುಡದಿಂದ ಕಲಿಯಬೇಕಾಗಿಲ್ಲ. ಶಬ್ದ ಮಾತ್ರ ಹೊಸತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ, ಸಾಧ್ಯ ಇದ್ದಲ್ಲೆಲ್ಲ ಕನಿಷ್ಠ ಐದನೇ ಕ್ಲಾಸಿನವರೆಗೆ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ.

ಅತ್ತೆಯ ಹೆದರಿಕೆ ಸುಮ್ನೆ ಬಂದದ್ದಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲಿನ ಕಥೆ ಅವರ ಕಾಲದವರಿಗೆ ಚೆನ್ನಾಗಿ ಗೊತ್ತು. ಆದರೆ ಆ ಲೆಕ್ಕ ತೀರಿಸಲು ನಾಲ್ಕು ವರ್ಷದ ಹುಡುಗಿಯನ್ನು ಮುಂದೆ ಮಾಡುವುದು ಸರಿಯಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕೇಳಿಸುವ ಊರು ನಮ್ಮದು. ಇಲ್ಲಿ ಮೂರು ಭಾಷೆಯಲ್ಲಿ ಬೆಳೆಯುವ ಮಗು ಹೊಸತೇನಲ್ಲ.

ಇನ್ನು ಅವಳ ಮೌನ. ಹೊಸ ಭಾಷೆಯ ನಡುವೆ ಬಿದ್ದ ಎಳೆ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಇರುವುದುಂಟು. ಕಿವಿ ಮಾತ್ರ ತೆರೆದೇ ಇರುತ್ತದೆ. ನೀವು ಗಮನಿಸಬೇಕಾದದ್ದು ಬೇರೆ. ಟೀಚರ್ ಕರೆದರೆ ಎದ್ದು ಹೋಗುತ್ತಾಳಾ? ಹಾಡಿಗೆ ಚಪ್ಪಾಳೆ ತಟ್ಟುತ್ತಾಳಾ? ಮನೆಯಲ್ಲಿ ಗೊಂಬೆಗೆ ಸ್ನಾನ ಮಾಡಿಸುವಾಗ ಅಲ್ಲಿ ಕೇಳಿದ ಪದ್ಯ ಗುನುಗುತ್ತಾಳಾ? ಒಂದೆರಡಕ್ಕೆ ಹೌದು ಎಂದಾದರೆ ಕಲಿಕೆ ನಡೆಯುತ್ತಿದೆ. ನೆಂಟರ ಮುಂದೆ ನಿಲ್ಲಿಸಿ "ಮಲಯಾಳದಲ್ಲಿ ಹೇಳು ನೋಡುವ" ಅನ್ನಬೇಡಿ.

ಕಚ್ಚುವುದೂ ಇದರದ್ದೇ ಇನ್ನೊಂದು ಮುಖ. "ನನಗೂ ಬೇಕು", "ತಳ್ಳಬೇಡ" ಎಂದು ಹೇಳಲು ಬಾರದವಳು ಇನ್ನೇನು ಮಾಡಿಯಾಳು? ಟೀಚರಲ್ಲಿ ಕೇಳಿ: ಕಚ್ಚಿದ್ದು ಎಷ್ಟು ಹೊತ್ತಿಗೆ, ಯಾವ ಸಾಮಾನಿಗಾಗಿ? ಊಟಕ್ಕೆ ಮೊದಲು ಹಸಿದಿದ್ದಳಾ? ಇರುವ ಒಂದು ಸೈಕಲ್ಲಿಗೆ ನಾಲ್ಕು ಮಕ್ಕಳು ಮುಗಿಬಿದ್ದಿದ್ದರಾ? ಹೊತ್ತು ತಿಳಿದರೆ ಟೀಚರೋ ಹೆಲ್ಪರೋ ಆಗ ಅವಳ ಪಕ್ಕ ಇರಬಹುದು. ನೀವು ಮನೆಯಲ್ಲಿ ಗೊಂಬೆಗಳ ನಾಟಕ ಆಡಿಸಿ. ಒಂದು ಗೊಂಬೆ ಚೆಂಡು ಹಿಡಿದಿದೆ, ಇನ್ನೊಂದು ಕಿತ್ತುಕೊಳ್ಳಲು ಬಂದು ನಿಂತು "ಎನಿಕ್ಕುಂ ವೇಣಂ" (ನನಗೂ ಬೇಕು) ಅನ್ನಲಿ. ಹಾಗೆಯೇ "ವೇಂಡ", "ವೆಳ್ಳಂ", "ಮುಳ್ಳಣಂ". ಬೇಡ ಅನ್ನಲು, ನೀರು ಕೇಳಲು, ಒಂದಕ್ಕೆ ಹೋಗಬೇಕು ಅನ್ನಲು ಬಂದರೆ ಅವಳ ಅರ್ಧ ಕಷ್ಟ ಕಳೆಯಿತು. ಮನೆಯಲ್ಲಿ ಬೇಕಾದ ಮಲಯಾಳ ಸದ್ಯಕ್ಕೆ ಇಷ್ಟೇ.

ಮತ್ತೆ ಕಚ್ಚಿದರೆ ಮೊದಲು ಪೆಟ್ಟಾದ ಮಗುವನ್ನು ನೋಡಿಕೊಳ್ಳಬೇಕು. ಆಮೇಲೆ ಇವಳೆದುರು ಕುಕ್ಕರಗಾಲಲ್ಲಿ ಕೂತು, "ಕಚ್ಚಬಾರದು, ಅವನಿಗೆ ನೋಯುತ್ತದೆ. ಬೇಕಾದರೆ ಕೇಳು." ಅಷ್ಟೇ ಸಾಕು. ಸಂಜೆ ಆ ಕಥೆಯನ್ನು ಅವಳೆದುರೇ ಅಪ್ಪನಿಗೆ, ಅಜ್ಜಿಗೆ, ಪಕ್ಕದ ಮನೆಯವರಿಗೆ ಒಪ್ಪಿಸುವುದು ಬೇಡ.

ಸಂಜೆಯ ರಂಪಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅರ್ಧಂಬರ್ಧ ತಿಳಿಯುವ ಮಾತಿನ ನಡುವೆ ದಿನವಿಡೀ ತಡೆದುಕೊಂಡದ್ದು ಅಮ್ಮನನ್ನು ಕಂಡಾಗ ಒಡೆಯುತ್ತದೆ. ಬಂದ ಕೂಡಲೇ "ಇವತ್ತು ಮಾತಾಡಿದ್ಯಾ?" ಅಂತ ಕೇಳಬೇಡಿ. ತಿಂಡಿ ಕೊಡಿ, ಮಡಿಲಲ್ಲಿ ಕೂರಿಸಿಕೊಳ್ಳಿ. ಮೂರು ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ತೊಂದರೆ, ಅತ್ತರೆ ಮೊಬೈಲ್ ಸಿಗುತ್ತದೆ ಎಂಬ ಪಾಠ. ಅದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ.

ತೋಟದಲ್ಲಿ ಬಿದ್ದ ಅಡಕೆ ಹಾಳೆ ತನ್ನಿ. ಅವಳನ್ನು ಕೂರಿಸಿ ಅಂಗಳದಲ್ಲಿ ಎರಡು ಸುತ್ತು ಎಳೆಯಿರಿ, ಆಮೇಲೆ ಅವಳು ಗೊಂಬೆಯನ್ನು ಕೂರಿಸಿ ಎಳೆಯಲಿ. ಅಟ್ಟದಲ್ಲಿ ಚೆನ್ನೆಮಣೆ, ಅಂದರೆ ಗುಳಿಗಳಿರುವ ಆಟದ ಮಣೆ, ಇದ್ದರೆ ಇಳಿಸಿ. ಅದು ತುಳುವರ ಆಟಿ ತಿಂಗಳ ಆಟ, ಆಟಿ ಮುಗಿಯಿತಲ್ಲ ಎಂದು ಅತ್ತೆ ತಕರಾರು ತೆಗೆದರೆ, ಮೊಮ್ಮಗಳಿಗೆ ಲೆಕ್ಕ ಕಲಿಸಲು ಅನ್ನಿ. ಆಡಿಸುವ ಕೆಲಸವನ್ನೂ ಅವರಿಗೇ ಕೊಡಿ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಆಟದ ನಿಯಮ ಈಗಲೇ ಬೇಡ. ಗುಳಿಗೊಂದರಂತೆ ಹಾಕುತ್ತಾ ಹೋದರೆ ಎಣಿಕೆಯೂ ಬಂತು, ಅಜ್ಜಿಯ ಸರದಿ ಮುಗಿಯುವವರೆಗೆ ಕಾಯುವುದೂ ಬಂತು. ಅಂಗನವಾಡಿಯಲ್ಲಿ ಅವಳಿಗೆ ಬೇಕಾದದ್ದೂ ಇದೇ. ಕಾಯಿ ಬಾಯಿಗೋ ಮೂಗಿಗೋ ಹೋಗದಂತೆ ಹತ್ತಿರ ಕೂತು ನೋಡಿಕೊಳ್ಳಿ.

ಭಾನುವಾರ ಒಬ್ಬ ಜೊತೆಗಾರ್ತಿಯನ್ನು ಮನೆಗೆ ಕರೆಯಿರಿ. ಸಾಧ್ಯವಾದರೆ ಕಚ್ಚಿಸಿಕೊಂಡ ಹುಡುಗನನ್ನೇ, ಅವನ ಅಮ್ಮನ ಜೊತೆ. ಅವಳದ್ದೇ ಅಂಗಳದಲ್ಲಿ ಧೈರ್ಯ ಜಾಸ್ತಿ. ಮಕ್ಕಳ ಮಲಯಾಳ ಮಕ್ಕಳಿಂದಲೇ ಬೇಗ ಬರುತ್ತದೆ.

ಮನೆಯಲ್ಲೂ ಮಾತು ಸ್ಪಷ್ಟವಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕನ್ನಡ ಮಾತಾಡುವ ನೆಂಟರ ಮಕ್ಕಳ ಜೊತೆಗೂ ಮೌನ ಅಂತಿದ್ದರೆ ಮಾತ್ರ ಕಾಯಬೇಡಿ. ಅಂಗನವಾಡಿ ಮಕ್ಕಳ ಬೆಳವಣಿಗೆಯ ತಪಾಸಣೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೇ ಇದೆ, ಟೀಚರಲ್ಲಿ ಕೇಳಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ.

ಅತ್ತಿಗೆಯ ಎಲ್‌ಕೆಜಿ ಎಂದರೆ ಮತ್ತೊಂದು ಹೊಸ ಜಾಗ, ಮತ್ತೊಂದು ಹೊಸ ಭಾಷೆ. ಬರೆಯುವ ಆತುರವೂ ಬೇಡ. ಅಡುಗೆಮನೆಯಲ್ಲಿ ಅಲಸಂಡೆ ಮುರಿಯಲಿ, ಚಪಾತಿ ಹಿಟ್ಟು ನಾದಲಿ; ಬೆರಳಿಗೆ ಬಲ ಬಂದ ಮೇಲೆ ಪೆನ್ಸಿಲ್. ಒಂದನೇ ಕ್ಲಾಸಿಗೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅದನ್ನು ಆಗ ಯೋಚಿಸಿದರಾಯಿತು. ಅತ್ತಿಗೆಗೆ "ಈ ವರ್ಷ ಇಲ್ಲೇ ಇರಲಿ, ಮಾರ್ಚಿಗೆ ನೋಡುವ" ಎಂದು ಹೇಳಿಬಿಡಿ.