ಉತಾರದಲ್ಲಿ ಕಳೆದುಹೋದ ‘ಅಪ್ಪ’

“ಗಡಿಯಲ್ಲಿದ್ದೀಯ, ಎರಡೂ ಸರ್ಕಾರದಿಂದ ಬೆಳೆ ಪರಿಹಾರ ಬರುತ್ತೆ ಅಲ್ವಾ?” ಅಂತ ಬೆಂಗಳೂರಿನಿಂದ ಕೇಳಿದೆ. ನಗು ಬಂತು ದೋಸ್ತ. ಒಂದು ಸರ್ಕಾರದ್ದು ಕೈಗೆ ಬರುವಷ್ಟರಲ್ಲೇ ನನ್ನ ಚಪ್ಪಲಿ ಸವೆದುಹೋಗಿದೆ.

ನಮ್ಮೂರು ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕು, ಸೊಲ್ಲಾಪುರ ಜಿಲ್ಲೆ. ಮನೆಯಲ್ಲಿ, ಕಟ್ಟೆಯಲ್ಲಿ, ಸಂತೆಯಲ್ಲಿ ಕನ್ನಡ. ಕಾಗದ ಮಾತ್ರ ಮರಾಠಿ. ಪರಿಹಾರ ಕೊಡುವವರು ಹೊಲ ಎಲ್ಲಿದೆ ಅಂತ ನೋಡುತ್ತಾರೆ, ನಾಲಗೆ ನೋಡುವುದಿಲ್ಲ.

2025ರ ಸೆಪ್ಟೆಂಬರ್ ಮಳೆಗೆ ಸೋಯಾ ಕಾಯಿ ಗಿಡದಲ್ಲೇ ಮೊಳಕೆ ಒಡೆಯಿತು. ಬಿಡಿಸಿದರೆ ಕಾಳಿಗೆಲ್ಲ ಬಿಳಿ ಬಾಲ. ನೀರು ನಿಂತು ತೊಗರಿ ನಿಂತಲ್ಲೇ ಒಣಗಿತು. ಪಂಚನಾಮೆ ಆಯಿತು, ಫೋಟೋ ತೆಗೆದುಕೊಂಡು ಹೋದರು. ಕೇಂದ್ರದ ಲೆಕ್ಕದಲ್ಲಿ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ. ಅಂದರೆ ಎಕರೆಗೆ ಸುಮಾರು 3,400. ಆಚೆ ಕರ್ನಾಟಕ ಅಷ್ಟೇ ತನ್ನದೂ ಸೇರಿಸಿ ಹೆಕ್ಟೇರಿಗೆ 17,000 ಮಾಡಿತು. ಈಚೆ ಮಹಾರಾಷ್ಟ್ರ ಪರಿಹಾರಕ್ಕಿದ್ದ ಎರಡು ಹೆಕ್ಟೇರಿನ ಮಿತಿಯನ್ನು ಮೂರಕ್ಕೆ ಏರಿಸಿ, ಹಿಂಗಾರಿ ಬಿತ್ತನೆಗೆ ಹೆಕ್ಟೇರಿಗೆ 10,000 ಬೇರೆ ಅಂದಿತು. ಯಾರದು ಜಾಸ್ತಿ ಅಂತ ಕಟ್ಟೆಯ ಮೇಲೆ ದಿನಾ ವಾದ. ಅದು ಬಿಡು.

ಗಂಟು ಇರುವುದು ಹೆಸರಲ್ಲಿ. ನಮ್ಮಪ್ಪ ಮಲ್ಲಪ್ಪ. ಯಾವ ಕಾಲದಲ್ಲೋ ಯಾರೋ ಉತಾರದಲ್ಲಿ, ಅಂದರೆ ನಿಮ್ಮ ಕಡೆಯ ಪಹಣಿಯಲ್ಲಿ, ‘ಮಲ್ಲು’ ಅಂತ ಬರೆದರು. ‘ಅಪ್ಪ’ ಅಲ್ಲೇ ಹೋದ. ಹಾಗಾಗಿ ನಾನು ಉತಾರದಲ್ಲಿ ಮಲ್ಲುವಿನ ಮಗ, ಆಧಾರ್‌ನಲ್ಲಿ ಮಲ್ಲಪ್ಪನ ಮಗ, ಪಾಸ್‌ಬುಕ್ಕಿನಲ್ಲಿ ಮಲಪನ ಮಗ. ಅವ್ವ ಇದನ್ನು ಕೇಳಿದ್ದರೆ ಸೌದೆ ತಗೊಂಡು ಬರುತ್ತಿದ್ದಳು.

ಅಕ್ಕನದು ಇನ್ನೂ ಮಜಾ. ಹೊಲ ನಮ್ಮಿಬ್ಬರ ಹೆಸರಲ್ಲಿದೆ, ಸಾಮಾಯಿಕ ಖಾತೆ. ದುಡ್ಡು ನನಗೆ ಜಮಾ ಆಗಲು ಅವಳ ಒಪ್ಪಿಗೆ ಪತ್ರ ಬೇಕು. ಅವಳನ್ನು ಕೊಟ್ಟಿದ್ದು ಕರ್ನಾಟಕದ ಆಳಂದ ತಾಲೂಕಿಗೆ. ಅವಳ ಆಧಾರ್‌ನಲ್ಲಿ ಬರೀ ಮಹಾದೇವಿ, ಮುಂದೆ ಗಂಡನ ಹೆಸರು. ನಮ್ಮ ಅಡ್ಡಹೆಸರೇ ಇಲ್ಲ. ಆಚೆ ಅದಿಲ್ಲದಿದ್ದರೂ ನಡೆಯುತ್ತದೆ, ಈಚೆ ಅದಿಲ್ಲದವರು ಮನುಷ್ಯರೇ ಅಲ್ಲ. ಅವಳೇ ಇವಳು ಅಂತ ಬರೆಸಿಕೊಂಡು ಬನ್ನಿ ಅಂದರು. ಆಳಂದದಿಂದ ಬರೆಸಿ ತಂದೆ. ಅದು ಕನ್ನಡದಲ್ಲಿತ್ತು, ಮೇಜಿನ ಆಚೆ ಓದುವವರಿಲ್ಲ. ನಾನೇ ಓದಿ ಮರಾಠಿಯಲ್ಲಿ ಹೇಳಿದೆ. “ದುಡ್ಡು ತಗೊಳ್ಳುವವನೇ ಓದಿದರೆ ನಂಬುವುದು ಹೇಗೆ?” ಅಂದರು. ಅದೂ ಖರೆ!

ಹೆಬ್ಬೆರಳಿನ ಕಥೆ ಬೇರೆ. ಕಳೆ ಕಿತ್ತು ಕಿತ್ತು ಗೆರೆ ಅಳಿಸಿದೆ, ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಅಂಗಿಗೆ ಉಜ್ಜಿ ಉಜ್ಜಿ ಐದನೇ ಸಲಕ್ಕೆ ಹಸಿರು ದೀಪ ಹತ್ತಿತು.

“ಸುಮ್ನೆ ಈ ಕಡೆ ಬಂದುಬಿಡಿ” ಅಂತೀಯ. ಹೊಲ ಹೆಗಲ ಮೇಲೆ ಹೊತ್ತು ಬರಲಾ? ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಅಂತ ಗಡಿ ವಿವಾದ ನೋಡಿದ ಮಹಾಜನ್ ಆಯೋಗ 1967ರಲ್ಲೇ ಬರೆದಿತ್ತು. ಆ ಕಾಗದವೂ ನನ್ನ ಅರ್ಜಿಯ ಹಾಗೆ, ಇದ್ದಲ್ಲೇ ಇದೆ. ಅಲ್ಲಿಯವರೆಗೆ ನಾವೇನು ಬಾಯಿ ಮುಚ್ಚಿ ಕೂತಿದ್ದೇವಾ? ನನ್ನ ಮಗಳು ಮರಾಠಿಯಲ್ಲಿ ಅರ್ಜಿ ಬರೆಯುತ್ತಾಳೆ, ಕನ್ನಡದಲ್ಲಿ ಬೈಯುತ್ತಾಳೆ. ಎರಡೂ ತಪ್ಪಿಲ್ಲದೆ.

ಎಳ್ಳ ಅಮಾವಾಸ್ಯೆಗೆ ಅಕ್ಕ ಬರುತ್ತಾಳೆ. ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ತಿಂದು, ಮರುದಿನ ಮತ್ತೆ ಕಾಗದದ ಕೆಲಸ. ನೀನೂ ಬಾ. ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ. ನಿನ್ನ ಆಧಾರ್‌ನಲ್ಲಿ ಹೆಸರು ಸರಿಯಾಗಿದೆ ಅಲ್ವಾ?